ನಲವತ್ತೊಂದು ತಕರಾರು, ಒಂದು ಕೆಂಪು ಲಂಗ

ನನ್ನ ಕೆಂಪು ಲಂಗವನ್ನು ಮಡಿಕೇರಿಯಲ್ಲಿ ಗೋಡೆಯಷ್ಟು ಅಗಲ ಮಾಡಿ ತೋರಿಸಿದ್ದಾರೆ. ಮೂವರು ದೊಡ್ಡ ಅಧಿಕಾರಿಗಳು, ಒಬ್ಬ ವಕೀಲ, ಎಂಜಿನಿಯರುಗಳು, ಪೇಪರಿನವರು ಎಲ್ಲರೂ ಕತ್ತೆತ್ತಿ ನೋಡಿದ್ದಾರೆ. ಇದನ್ನು ನಾನೇ ಬರೆದುಬಿಡುವುದು ವಾಸಿ. ಊರಿನವರ ಬಾಯಲ್ಲಿ ಆ ಲಂಗ ದಿನಕ್ಕೊಂದು ಬಣ್ಣಕ್ಕೆ ತಿರುಗುತ್ತಿದೆ. ಮೊನ್ನೆ ಹಾಲಿನ ಡೈರಿಯಲ್ಲಿ ಯಾರೋ ಹಳದಿ ಅಂದರಂತೆ. ಹಳದಿಯಲ್ಲ, ಕೆಂಪು. ಅಂಚಿನಲ್ಲಿ ಹಸಿರು ತೇಪೆ. ನಾನು ಹಾಕಿದ ತೇಪೆ, ನನಗೆ ಗೊತ್ತಿಲ್ಲವೇ?

ನಮ್ಮ ಊರು ಕುಶಾಲನಗರದಿಂದ ಹಾರಂಗಿ ಕಡೆಗೆ ಹೋಗುವ ದಾರಿಯಲ್ಲಿದೆ. ನನ್ನ ಗಂಡನ ಮನೆಯವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಊರಿಗೆ ಮುಂಚೆ ಒಂದು ಕಾಫಿ ಕ್ಯೂರಿಂಗ್ ಇದೆ. ತೋಟಗಳಿಂದ ಬಂದ ಒಣ ಕಾಫಿಯ ಸಿಪ್ಪೆ ಸುಲಿದು, ಬೀಜ ಆರಿಸಿ, ಮೂಟೆ ಹೊಲಿದು ಕಳಿಸುವ ಕಾರ್ಖಾನೆ ಅದು. ಮಂಡಿ ಹಿಡಿದುಕೊಳ್ಳುವ ತನಕ ನಾನು ಅಲ್ಲಿ ಬೀಜ ಆರಿಸಿದೆ. ಕಪ್ಪು ಬೀಜ ಆಚೆ, ಒಡಕು ಬೀಜ ಈಚೆ. ಜೀವನದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಶಾಲೆಯಲ್ಲಿ ಮೂರನೇ ಕ್ಲಾಸಿಗೆ ನಿಂತೆ.

ಸುಲಿದ ಹೊಟ್ಟು ಕ್ಯೂರಿಂಗಿನ ಹಿತ್ತಲಲ್ಲಿ ಗುಡ್ಡದ ಹಾಗೆ ಬೀಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಕ್ಯೂರಿಂಗಿನ ಮಾಲೀಕರು, ನಮ್ಮ ಸಾವ್ಕಾರ್ರು, ಅದನ್ನು ಉರಿಸಲು ಒಂದು ಬಾಯ್ಲರ್ ತಂದು ಕೂರಿಸಿದರು. ಹೊಟ್ಟು ಉರಿದು ನೀರು ಆವಿಯಾಗುತ್ತದೆ. ಆವಿ ಒಂದು ಚಕ್ರವನ್ನು ತಿರುಗಿಸುತ್ತದೆ. ಚಕ್ರದಿಂದ ಕರೆಂಟು ಬರುತ್ತದೆ. ಚಕ್ರ ತಿರುಗಿಸಿ ಸುಸ್ತಾದ ಆವಿಯಲ್ಲಿ ಇನ್ನೂ ಬೇಕಾದಷ್ಟು ಬಿಸಿ ಉಳಿದಿರುತ್ತದಂತೆ. ಅದನ್ನು ಪೈಪಿನಲ್ಲಿ ತಂದು ಪಕ್ಕದ ಉದ್ದನೆಯ ಶೆಡ್ಡಿಗೆ ಬಿಟ್ಟರು. ಆ ಶೆಡ್ಡನ್ನು ನಮ್ಮ ಊರಿನ ಮಹಿಳಾ ಸಂಘಕ್ಕೆ ಕೊಟ್ಟರು. ಏನಾದರೂ ಒಣಗಿಸಿಕೊಳ್ಳಿ ಅಂದರು.

ಮೊದಲ ದಿನ ಒಬ್ಬ ಎಂಜಿನಿಯರ್ ಬಂದು ಬೋರ್ಡಿನ ಮೇಲೆ ಚಿತ್ರ ಬರೆದು ನಮಗೆ ಪಾಠ ಮಾಡಿದ. ಒಂದೇ ಬೆಂಕಿಯಿಂದ ಎರಡು ಕೆಲಸ, ಕರೆಂಟೂ ಬಂತು ಬಿಸಿಯೂ ಬಂತು, ಇದು ಹೊಸ ತಂತ್ರಜ್ಞಾನ ಅಂದ. ನನಗೆ ನಗು ತಡೆಯಲಿಲ್ಲ.

"ಇದೇನ್ ಹೊಸ್ದಪ್ಪಾ? ನಮ್ಮತ್ತೆ ಬಚ್ಚಲಲ್ಲೇ ಮಾಡ್ತಿದ್ರು."

ಸುಳ್ಳಲ್ಲ. ನಮ್ಮತ್ತೆ ಹಂಡೆ ಒಲೆಗೆ ಬೆಂಕಿ ಹಾಕಿದರೆ ಆ ಬೆಂಕಿಗೆ ಬಿಡುವು ಅನ್ನುವುದೇ ಇರಲಿಲ್ಲ. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಮೇಲಿನ ಅಟ್ಟದಲ್ಲಿ ಹುಣಸೆಹಣ್ಣು, ಬಿತ್ತನೆಯ ಜೋಳದ ತೆನೆ ಒಣಗುತ್ತಿದ್ದವು. ಪಕ್ಕದ ಬಿದಿರಿನ ಗಳುವಿನ ಮೇಲೆ ಕೂಸುಗಳ ಬಟ್ಟೆ, ಒಲೆಬಾಯಲ್ಲಿ ನಾಳೆಯ ಹಸಿ ಸೌದೆ, ಬೂದಿಯ ಒಳಗೆ ಗೆಣಸು. ಬರೀ ನೀರು ಕಾಯಿಸಿ ಬೆಂಕಿ ಆರಿಸಿದ ಸೊಸೆಯನ್ನು "ದರಿದ್ರದ ಕೈ" ಅಂತ ಮೂರು ದಿನ ಬೈಯುತ್ತಿದ್ದರು. ಆ ಸೊಸೆ ನಾನೇ. ಅತ್ತೆ ಒಳ್ಳೆಯವರೇನೂ ಆಗಿರಲಿಲ್ಲ, ಆದರೆ ಬೆಂಕಿಯ ವಿಷಯದಲ್ಲಿ ಅವರ ಮಾತು ಸರಿಯಾಗಿತ್ತು.

ಆ ಮಳೆಗಾಲ ಸಾವ್ಕಾರ್ರು ಪ್ರಯೋಗಕ್ಕೆ ಅಂತ ಬಾಯ್ಲರನ್ನು ನಿಲ್ಲಿಸದೆ ಓಡಿಸಿದರು. ಅಂಥ ಮಳೆಗಾಲವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೊರಗೆ ಜಿಟಿಜಿಟಿ, ಒಳಗೆ ಚೈತ್ರಮಾಸ. ಹಲಸಿನ ಹಪ್ಪಳ ಹಾಕಿದ ಮಾರನೆಯ ದಿನವೇ ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು. ಗಾಳಿಬೀಡಿನ ಕಡೆಯ ತೋಟಗಳಿಂದ ಏಲಕ್ಕಿ ಬಂತು, ಹಸಿ ಶುಂಠಿ ಬಂತು. ಇಡೀ ಶೆಡ್ಡು ಮದುವೆ ಮನೆಯ ಉಗ್ರಾಣದ ಹಾಗೆ ಘಮಘಮ. ನಮ್ಮ ಹೆಂಗಸರು ಒಳಗೆ ಬಂದವರು ಹೊರಗೆ ಹೋಗುತ್ತಲೇ ಇರಲಿಲ್ಲ. ಕೆಲಸ ಇಲ್ಲದವರೂ ಬೆನ್ನು ಕಾಯಿಸಲು ಬಂದು ಕೂರುತ್ತಿದ್ದರು.

ಬಟ್ಟೆ ತಂದವಳು ನಮ್ಮ ಪಕ್ಕದ ಮನೆಯವಳು. ನೆಲ್ಯಹುದಿಕೇರಿಯ ಮಲಯಾಳಿ ಹೆಣ್ಣು, ನಮ್ಮೂರಿಗೆ ಮದುವೆಯಾಗಿ ಬಂದವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನನ್ನು ಚೇಚಿ ಅನ್ನುತ್ತಾಳೆ, ಅಂದರೆ ಅಕ್ಕ. ಅವಳ ಮಗಳು ಆಗ ಬಾಣಂತಿ. ಒಂದು ಬೆಳಿಗ್ಗೆ ಬಕೆಟ್ ತುಂಬ ಕೂಸಿನ ಬಟ್ಟೆ ಹೊತ್ತುಕೊಂಡು ಬಂದು ಏಲಕ್ಕಿ ತಟ್ಟೆಗಳ ಹಿಂದೆ ಕಳ್ಳಿಯ ಹಾಗೆ ಒಂದೊಂದೇ ಹರವಿದಳು.

"ಚೇಚಿ, ಯಾರಿಗೂ ಹೇಳ್ಬೇಡಿ."

ನಾನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ನನ್ನದೇ ಒಂದು ಬಕೆಟ್ ತಂದೆ. ವಾರದೊಳಗೆ ಊರಿನ ಬಟ್ಟೆಯೆಲ್ಲ ಅಲ್ಲಿತ್ತು. ಯೂನಿಫಾರಂ, ಕಾಲುಚೀಲ, ಲುಂಗಿ, ಕಂಬಳಿ, ಲಂಗ. ಕೊನೆಗೆ ನಾನೇ ಕಾನೂನು ಮಾಡಬೇಕಾಯಿತು. ಒಂದು ಮನೆಗೆ ಒಂದೇ ಗಳು, ಹಿಂಡದೆ ತಂದವರಿಗೆ ಪ್ರವೇಶ ಇಲ್ಲ, ಏಲಕ್ಕಿಯ ಮೇಲೆ ನೀರು ತೊಟ್ಟಿಕ್ಕಿಸಿದವರಿಗೆ ಮೂರು ದಿನ ರಜೆ. ಬೂಸ್ಟಿನ ವಾಸನೆ ಇಲ್ಲದ ಲಂಗ ಉಟ್ಟು ಆಷಾಢದಲ್ಲಿ ಓಡಾಡುವ ಸುಖ ಗಂಡಸರಿಗೆ ಗೊತ್ತಾಗುವುದಿಲ್ಲ. ನಾವಂತೂ ಕುಣಿಯುವುದೊಂದು ಬಾಕಿ.

ಆ ದಿನಗಳಲ್ಲೇ ಕರೆಂಟ್ ಕಂಪನಿಯವನೊಬ್ಬ ಮೀಟರ್ ನೋಡಲು ಬಂದು ಶೆಡ್ಡಿನ ಫೋಟೋ ಹೊಡೆದುಕೊಂಡು ಹೋದ. ಪಾಪ, ಚೆನ್ನಾಗಿದೆ ಅಂತ ಹೊಡೆದಿರಬೇಕು ಅಂದುಕೊಂಡೆವು.

ಮುಂದಿನ ಬೇಸಿಗೆ ಮುಗಿಯುತ್ತ ಬಂದಾಗ ಸಾವ್ಕಾರ್ರು ನಮ್ಮನ್ನು ಕರೆದು ಕೂರಿಸಿದರು. ಅವರು ಕೆಟ್ಟವರಲ್ಲ. ಕೂಗಾಡುತ್ತಾರೆ, ಆಮೇಲೆ ಕಾಫಿ ಕೊಡಿಸುತ್ತಾರೆ. ಆ ದಿನ ಮೊದಲೇ ಕಾಫಿ ಕೊಡಿಸಿದರು. ಆಗಲೇ ನನಗೆ ಅನುಮಾನ ಬಂತು.

"ನೋಡಿ ಅಜ್ಜಿ, ಮಳೆಗಾಲದಲ್ಲಿ ಕ್ಯೂರಿಂಗ್‌ನಲ್ಲಿ ಕೆಲಸ ಇಲ್ಲ. ಅಷ್ಟು ಕರೆಂಟು ಮಾಡಿ ನಾನೇನ್ ಮಾಡ್ಲಿ? ಕರೆಂಟ್ ಕಂಪನಿಯವರು ಸರಿಯಾದ ರೇಟಿಗೆ ತಗೊಂಡ್ರೆ ಬಾಯ್ಲರ್ ಓಡ್ತದೆ. ತಗೊಳ್ಳಿಲ್ಲ ಅಂದ್ರೆ ನಿಲ್ತದೆ. ಬಾಯ್ಲರ್ ನಿಂತ್ರೆ ನಿಮ್ಮ ಶೆಡ್ಡೂ ತಣ್ಣಗೆ."

"ತಗೊಳ್ಳಕ್ಕೆ ಅವ್ರಿಗೇನ್ ಬ್ಯಾನೆ?"

"ಅವರ ಕೈಯಲ್ಲಿಲ್ಲ. ರೇಟು ಹೇಳೋದಕ್ಕೆ ಆಯೋಗ ಅಂತ ಇದೆ. ಬೆಂಕಿಯ ಬಿಸೀನೂ ಉಪಯೋಗಿಸೋರಿಗೆ ಒಳ್ಳೆ ರೇಟು, ಬಿಸೀನ ಗಾಳಿಗೆ ಬಿಡೋರಿಗೆ ಕಮ್ಮಿ ರೇಟು. ನಾವು ಯಾವ ಜಾತಿ ಅಂತ ಅವ್ರು ಹೇಳ್ಬೇಕು."

ಸರಿ, ಕಾನೂನು ಮಾಡಿದವರಿಗೂ ನಮ್ಮತ್ತೆಗೂ ಒಂದೇ ಬುದ್ಧಿ ಅಂತ ನನಗೆ ಸಮಾಧಾನವಾಯಿತು. ಆದರೆ ಏಲಕ್ಕಿ ಕೊಯ್ಲಿನ ಹೊತ್ತಿಗೆ ಶೆಡ್ಡು ತಣ್ಣಗಿದ್ದರೆ ಏನು ಗತಿ? ಈ ವರ್ಷವೂ ಒಣಗಿಸಿ ಕೊಡುತ್ತೇವೆ ಅಂತ ಗಾಳಿಬೀಡಿನವರಿಗೆ ಒಪ್ಪಿಕೊಂಡವಳು ನಾನು. ಸಂಘದ ಹೆಂಗಸರನ್ನು ಮನೆಮನೆಯಿಂದ ಎಳೆದು ತಂದವಳೂ ನಾನು. ಅದು ಮಣ್ಣು ಮುಕ್ಕಿದರೆ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಹತ್ತು ದಿನ ಬಿಟ್ಟು ಪಂಚಾಯಿತಿ ಆಫೀಸಿನ ಗೋಡೆಗೆ ಸಾವ್ಕಾರ್ರ ಅರ್ಜಿಯ ಬಗ್ಗೆ ಆಯೋಗದ ಒಂದು ನೋಟೀಸು ಅಂಟಿಸಿದರು. ನಾನೂ ಪಕ್ಕದ ಮನೆಯವಳೂ ಹೋಗಿ ಓದಿದೆವು. ನಾನು ಅಕ್ಷರ ಕೂಡಿಸಿ ಓದುತ್ತೇನೆ. ಅವಳು ಕನ್ನಡ ಓದುವುದಿಲ್ಲ, ಆದರೆ ನಾನು ಓದಿದ್ದಕ್ಕೆ ಅರ್ಥ ಹೇಳುತ್ತಾಳೆ.

"ಉಪಯುಕ್ತ ಉಷ್ಣ," ಅಂತ ಓದಿದೆ.

"ಉಷ್ಣ ಆದ್ರೆ ಎಂಥ ಉಪಯೋಗ ಚೇಚಿ? ಬಾಯೆಲ್ಲ ಹುಣ್ಣು ಆಗ್ತದೆ. ಎಳನೀರು ಕುಡೀಬೇಕು."

"ಸುಮ್ನಿರು. ಸಾರ್ವಜನಿಕ ವಿಚಾರಣೆ ಅಂತ ಇದೆ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಎಂಡೆ ದೈವಮೇ! ವಿಚಾರಣೆಯಾ? ನಾವೇನು ಕದ್ದಿದ್ದೀವಿ? ಲಂಗ ಒಣಗಿಸಿದ್ದಕ್ಕೆ ಪೊಲೀಸಾ?"

ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು. ಆಕ್ಷೇಪಣೆ ಇದ್ದವರು ಇಂಥ ತಾರೀಖಿನೊಳಗೆ ಲಿಖಿತವಾಗಿ ಸಲ್ಲಿಸಬೇಕು. ಆಕ್ಷೇಪಣೆ ಅಂದರೆ ತಕರಾರು, ಅದು ನನಗೆ ಚೆನ್ನಾಗಿ ಗೊತ್ತು. ತಾಲೂಕು ಆಫೀಸಿನ ನೋಟೀಸುಗಳಲ್ಲಿ ಅದೇ ಮಾತಿರುತ್ತದೆ. ಹಿಂದೊಮ್ಮೆ ನಮ್ಮ ಬೇಲಿಯ ಸರ್ವೆ ಆದಾಗ ನಮ್ಮನೆಯವರು ತಕರಾರು ಹಾಕಿದ್ದರು. ಆಚೆಯವರು ಬಂದು ಅಣ್ಣಾ ತಮ್ಮಾ ಅಂತ ಕೈ ಹಿಡಿದುಕೊಂಡರು. ಇವರು ಕರಗಿ ಹೋಗಿ ವಾಪಸ್ ತೆಗೆದುಕೊಂಡರು. ಹಲಸಿನ ಮರ ಆಚೆಗೆ ಹೋಯಿತು. ಈಗಲೂ ಪ್ರತಿ ವರ್ಷ ಆ ಮರದ ಕಾಯಿ ನಮ್ಮ ಕಣ್ಣೆದುರೇ ಹಣ್ಣಾಗಿ ಆಚೆಯವರ ಅಂಗಳದಲ್ಲಿ ಬೀಳುತ್ತದೆ. ಆವತ್ತಿನಿಂದ ನನಗೆ ಒಂದೇ ಸಿದ್ಧಾಂತ. ತಕರಾರು ಹಾಕದವರನ್ನು ಯಾರೂ ಕೇಳುವುದಿಲ್ಲ.

ಸಂಘದ ಸಭೆ ಕರೆದೆ. "ನಮಗೆ ಬಿಸಿ ಬೇಕೋ ಬೇಡವೋ?"

"ಬೇಕು!"

"ಹಂಗಾದ್ರೆ ಎಲ್ಲಾರೂ ತಕರಾರು ಹಾಕ್ರಿ."

ಒಬ್ಬಳೂ ಯಾಕೆ ಅಂತ ಕೇಳಲಿಲ್ಲ. ಅವರ ಮನೆಗಳಲ್ಲೂ ಬೇಲಿಗಳಿವೆ. ಮಾರನೆಯ ದಿನಕ್ಕೆ ನಲವತ್ತೊಂದು ಹಾಳೆ ತಯಾರಾಯಿತು. ಮೇಲೆ "ತಕರಾರು ಅರ್ಜಿ" ಅಂತ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದೆವು. ಅದರ ಕೆಳಗೆ ಒಂದೇ ಮಾತು, "ನಮ್ಮ ಶೆಡ್ಡಿನ ಬಿಸಿ ನಿಲ್ಲಬಾರದು." ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಪಕ್ಕದ ಮನೆಯವಳು ಮಲಯಾಳದಲ್ಲಿ ಸಹಿ ಹಾಕಿ ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿದಳು. ಇರಲಿ ಅಂತ. ರಿಜಿಸ್ಟರ್ ಪೋಸ್ಟ್ ಮಾಡಿ, ಬೇಕರಿಯಲ್ಲಿ ಒಂದೊಂದು ಪಫ್ಸು ತಿಂದು, ನಗುತ್ತ ಮನೆಗೆ ಬಂದೆವು. ಯುದ್ಧ ಗೆದ್ದ ಹಾಗಿತ್ತು.

ಎರಡು ವಾರ ಕಳೆದಿರಬಹುದು. ಹಪ್ಪಳದ ಹಿಟ್ಟು ಕುಟ್ಟುತ್ತಿದ್ದೆ. ಸಾವ್ಕಾರ್ರ ಜೀಪು ನಮ್ಮ ಅಂಗಳಕ್ಕೇ ಬಂದು ನಿಂತಿತು. ಹಿಂದೆ ರೈಟರ್ ಕೂತಿದ್ದ. ನಮ್ಮ ಕಡೆ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು. ಅವನ ಮುಖ ಬೆಂದ ಬದನೆಕಾಯಿಯ ಹಾಗಿತ್ತು.

ಸಾವ್ಕಾರ್ರು ಇಳಿಯುತ್ತಲೇ ಶುರು ಮಾಡಿದರು. "ಏನಜ್ಜಿ! ನನ್ನ ಬಿಸಿಯಲ್ಲೇ ಒಣಗಿಸ್ಕೊಂಡು ನನ್ನ ಮೇಲೇ ತಕರಾರಾ?"

"ನಿಮ್ಮ ಮೇಲಲ್ಲ ಸಾವ್ಕಾರ್ರೆ. ಬಿಸಿ ನಿಲ್ಲೋದರ ಮೇಲೆ."

"ಅಲ್ಲಿ ಹಾಗೆ ಇಲ್ಲ! ರೈಟರೇ, ಓದ್ರಿ."

ರೈಟರ್ ಫೋನಿನಲ್ಲಿ ನೋಡಿ ಓದಿದ. ಅರ್ಜಿದಾರರ ಯೋಜನೆಗೆ ಬಂದ ಬೆಂಬಲ ಪತ್ರಗಳು ಸೊನ್ನೆ. ಆಕ್ಷೇಪಣೆಗಳು ನಲವತ್ತೊಂದು. ಎಲ್ಲವೂ ಒಂದೇ ಊರಿನವು. ಎಲ್ಲವೂ ಹೆಂಗಸರವು.

"ಬೆಂಬಲ ಅಂತ ಬೇರೆ ಹಾಳೇಲಿ ಬರೀಬೇಕಿತ್ತು ಅಜ್ಜಿ," ಅಂದ ರೈಟರ್. "ಇದು ಬೇಲಿ ಜಗಳ ಅಲ್ಲ. ಕಂಪನಿ ವಕೀಲ್ರು ಏನಂತಿದಾರೆ ಗೊತ್ತಾ? ಬಿಸಿ ತಗೊಳ್ಳೋರೇ ಬೇಡ ಅಂತಿದಾರೆ ಅಂತ. ವಾಪಸ್ ತಗೊಂಡ್ಬಿಡಿ."

ವಾಪಸ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನ್ನ ಕಣ್ಣು ಬೇಲಿಯಾಚೆ ಹಲಸಿನ ಮರದ ಕಡೆಗೆ ಹೋಯಿತು. ಜಗುಲಿಯಲ್ಲಿ ಕೂತಿದ್ದ ನಮ್ಮನೆಯವರು ಮೆಲ್ಲಗೆ ಎದ್ದು ಒಳಗೆ ಹೋದರು.

"ತಗೊಳ್ಳಲ್ಲ," ಅಂದೆ.

"ಅಜ್ಜಿ!"

"ತಗೊಳ್ಳಲ್ಲ ಸಾವ್ಕಾರ್ರೆ. ವಿಚಾರಣೆ ಅಂತ ಕರ್ದಿದಾರಲ್ಲ, ಅಲ್ಲೇ ಬಂದು ಹೇಳ್ತೀನಿ. ಕಾಫಿ ಕುಡೀತೀರಾ?"

ಅವರು ಕಾಫಿ ಕುಡಿಯದೆ ಹೋದರು. ಆಗ ನನಗೂ ನನ್ನ ಮೇಲೇ ಸ್ವಲ್ಪ ಅನುಮಾನ ಬಂತು. ಇಷ್ಟು ಜನ ಹೆಂಗಸರ ಕೈಯಲ್ಲಿ ಹೆಬ್ಬೆಟ್ಟು ಒತ್ತಿಸಿ ಅವರ ಶೆಡ್ಡಿಗೆ ನಾನೇ ನೀರು ಹೊಯ್ದೆನೋ ಏನೋ. ಆದರೆ ಅದನ್ನೇ ಯೋಚಿಸುತ್ತ ಕೂತು ಏನು ಮಾಡುವುದು? ಹಿಟ್ಟು ಅರ್ಧ ಕುಟ್ಟಿತ್ತು, ಮುಗಿಸಿದೆ.

ವಿಚಾರಣೆಯ ದಿನ ಮಡಿಕೇರಿಗೆ ಬಸ್ಸಿನಲ್ಲಿ ಹೊರಟೆವು. ಹದಿನೇಳು ಜನ ಬಂದರು. ಉಳಿದವರಿಗೆ ತೋಟದ ಕೆಲಸ, ಮದುವೆ, ದನ. ಸಾಕ್ಷಿಗೆ ಅಂತ ಹಪ್ಪಳ, ಏಲಕ್ಕಿ, ಶುಂಠಿ ಕಟ್ಟಿಕೊಂಡಿದ್ದೆವು. ಸುಂಟಿಕೊಪ್ಪ ದಾಟುವಷ್ಟರಲ್ಲಿ ಹಪ್ಪಳದ ಸಾಕ್ಷಿಯನ್ನು ಅರ್ಧ ತಿಂದಿದ್ದೆವು. ಹಸಿ ಹಪ್ಪಳ ತಿಂದವರಿಗೆ ಬಾಯಾರಿಕೆ, ಬಾಯಾರಿಕೆಗೆ ಸೋಡ, ಸೋಡ ಕುಡಿದವರಿಗೆ ನಗು. ಕಂಡಕ್ಟರ್ ಕೇಳಿದ, "ಯಾವ ಮದುವೆಗೆ ಅಮ್ಮಾ?"

"ವಿಚಾರಣೆಗೆ!" ಅಂದಳು ಪಕ್ಕದ ಮನೆಯವಳು. ಭಯವೆಲ್ಲ ಎಲ್ಲಿ ಹೋಗಿತ್ತೋ. "ನಾವೆಲ್ಲ ಪ್ರತಿಗಳು!"

ಪ್ರತಿವಾದಿ ಅನ್ನಲು ಹೋಗಿ ಪ್ರತಿ ಅಂದಿದ್ದಳು. ಮಲಯಾಳದಲ್ಲಿ ಹಾಗಂದರೆ ಆರೋಪಿಯಂತೆ. ಅದನ್ನು ಅವಳೇ ಹೇಳಿ ಅವಳೇ ನಕ್ಕು ಮುಂದಿನ ಸೀಟಿನವರ ಬೆನ್ನಿಗೆ ಹಣೆ ಒರಗಿಸಿದಳು.

ಮಡಿಕೇರಿಯಲ್ಲಿ ಮುಂಗಾರು ಆಗಲೇ ಹಿಡಿದಿತ್ತು. ವಿಚಾರಣೆಯ ಹಾಲ್‌ನೊಳಗೆ ಎಲ್ಲರೂ ಅರ್ಧ ಒದ್ದೆ. ಮೇಜಿನ ಹಿಂದೆ ಆಯೋಗದ ಮೂವರು, ನಡುವೆ ಕನ್ನಡಕದ ಒಬ್ಬರು ಮೇಡಂ. ಎಡಕ್ಕೆ ಸಾವ್ಕಾರ್ರೂ ರೈಟರೂ. ಬಲಕ್ಕೆ ಕಂಪನಿಯ ಎಂಜಿನಿಯರುಗಳು, ಕಪ್ಪು ಕೋಟಿನ ವಕೀಲ. ನಾವು ಎಲ್ಲಿ ಕೂರುವುದು ಅಂತ ಕೇಳಿದರೆ ಆಕ್ಷೇಪಣೆದಾರರು ಬಲಕ್ಕೆ ಅಂದರು. ಸಾವ್ಕಾರ್ರ ಎದುರಿಗೇ ಹೋಗಿ ಕೂತೆವು. ಅವರು ಕಿಟಕಿಯಾಚೆ ನೋಡಿದರು.

ವಕೀಲ ಎದ್ದು ನಿಂತ. ಬಿಸಿಯನ್ನು ನಿಜವಾಗಿ ಬಳಸುವ ಘಟಕಗಳಿಗೆ ಮಾತ್ರ ಒಳ್ಳೆಯ ದರ, ಇಲ್ಲಿ ಶೆಡ್ಡು ಬರೀ ನೆಪ, ಬಳಸುವವರೇ ನಲವತ್ತೊಂದು ಜನ ವಿರೋಧಿಸಿದ್ದಾರೆ, ಈ ಚಿತ್ರ ನೋಡಿ ಅಂದ. ದೀಪ ಆರಿಸಿದರು. ಗೋಡೆಯ ಮೇಲೆ ಬೆಳಕು ಬಿತ್ತು. ಬೆಳಕಿನ ತುಂಬ ನನ್ನ ಲಂಗ.

ಶೆಡ್ಡಿನ ಫೋಟೋ ಅದು, ಹೋದ ಮಳೆಗಾಲದ್ದು. ಹಿಂದೆ ಎಲ್ಲೋ ದೂರದಲ್ಲಿ ಏಲಕ್ಕಿ ತಟ್ಟೆಗಳೂ ಇದ್ದವು, ಆದರೆ ಮುಂದೆ ಗಳುವಿನ ಮೇಲೆ ಎರಡೂ ಕೈ ಚಾಚಿದ ಹಾಗೆ ನನ್ನ ಕೆಂಪು ಲಂಗ. ಹಸಿರು ತೇಪೆ ಬಾಳೆ ಎಲೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಚೇಚಿ," ಅಂತ ಪಕ್ಕದ ಮನೆಯವಳು ಕಿವಿಯಲ್ಲಿ ಅಂದಳು, "ನಿಮ್ಮದು."

ಕಿವಿಯಲ್ಲಿ ಅಂದದ್ದು ಕೊನೆಯ ಕುರ್ಚಿಯವರೆಗೂ ಕೇಳಿಸಿತು. ಹದಿನೇಳು ಹೆಂಗಸರು ಒಟ್ಟಿಗೆ ಸೆರಗು ಬಾಯಿಗೆ ಒತ್ತಿಕೊಂಡರೆ ಎಂಥ ಸದ್ದು ಬರುತ್ತದೆ ಅನ್ನುವುದನ್ನು ಅಲ್ಲಿದ್ದವರನ್ನೇ ಕೇಳಬೇಕು.

"ಇದು ಉಪಯುಕ್ತ ಉಷ್ಣವೇ?" ಅಂತ ವಕೀಲ ಕೇಳಿದ. "ಕಾನೂನು ಪ್ರೋತ್ಸಾಹ ಕೊಡಬೇಕಾದ್ದು ಇದಕ್ಕೇನು?"

ನಾನು ಎದ್ದೆ. ಕರೆಯುವವರೆಗೆ ಕಾಯಬೇಕಿತ್ತಂತೆ, ನನಗೆ ಗೊತ್ತಿರಲಿಲ್ಲ.

"ಮೇಡಂ, ಆ ಲಂಗ ನಂದು. ನಾನು ಮಾತಾಡ್ಬೇಕು."

ಮೇಡಂ ಕನ್ನಡಕ ಸರಿ ಮಾಡಿಕೊಂಡರು. ಅವರ ತುಟಿಯೂ ನೆಟ್ಟಗಿರಲಿಲ್ಲ. "ಹೇಳಿ ಅಮ್ಮ. ನಿಮ್ಮ ಆಕ್ಷೇಪಣೆ ಏನು?"

"ಬಿಸಿ ನಿಲ್ಲಬಾರದು. ಅದೇ."

"ಅಂದರೆ ನೀವು ಯೋಜನೆಯನ್ನು ಬೆಂಬಲಿಸ್ತೀರಿ ಅಂತ ಆಯ್ತಲ್ಲ? ಆಕ್ಷೇಪಣೆ ಯಾಕೆ ಹಾಕಿದ್ರಿ?"

"ಬೆಂಬಲ ಅಂದ್ರೆ ಕೈ ಎತ್ತಿ ಮನೆಗೆ ಹೋಗೋದು ಮೇಡಂ. ತಕರಾರು ಹಾಕಿದ್ರೆ ನೀವು ಉತ್ತರ ಕೊಡ್ಲೇಬೇಕು."

ಮೇಡಂ ಪಕ್ಕದವರನ್ನು ನೋಡಿದರು. ಪಕ್ಕದವರು ಏನೋ ಬರೆದುಕೊಂಡರು.

ವಕೀಲ ಬಿಡಲಿಲ್ಲ. "ಅಜ್ಜಿ, ಬಟ್ಟೆ ಒಣಗಿಸೋದು ಉದ್ಯಮ ಅಲ್ಲ."

ನಾನು ಅವನ ಹತ್ತಿರ ಹೋದೆ. ದೂರದಿಂದಲೇ ವಾಸನೆ ಬರುತ್ತಿತ್ತು. "ಲಾಯರ್ ಸಾಹೇಬ್ರೆ, ನಿಮ್ ಕೋಟು ಒದ್ದೆ ಐತೆ. ಬೂಸ್ಟು ಹಿಡ್ದೈತೆ. ಬೆನ್ನ ಮೇಲೆ ಬೆಳ್ಳಗೆ ಕಾಣ್ತೈತೆ ನೋಡಿ. ಒಂದ್ ದಿನ ನಮ್ ಶೆಡ್ಡಿಗೆ ಕೊಡಿ. ಗರಿಗರಿ ಮಾಡಿ ಕೊಡ್ತೀವಿ. ಆಮೇಲೆ ಅದು ಉಪಯುಕ್ತವೋ ಅಲ್ವೋ ನೀವೇ ಹೇಳಿ."

ಆಮೇಲೆ ಆ ಹಾಲ್‌ನಲ್ಲಿ ಏನಾಯಿತು ಅಂತ ಬರೆಯಲು ಬರುವುದಿಲ್ಲ. ಕಂಪನಿಯ ಎಂಜಿನಿಯರುಗಳೇ ಮೊದಲು ನಕ್ಕರು. ಪಾಪ, ಆ ಹುಡುಗ ವಕೀಲನೂ ಕೋಟಿನ ಬೆನ್ನು ನೋಡಿಕೊಳ್ಳಲು ಹೋಗಿ, ನಾಯಿ ಬಾಲ ಹಿಡಿಯಲು ಹೋದ ಹಾಗೆ ಒಂದು ಸುತ್ತು ತಿರುಗಿ, ಕೊನೆಗೆ ತಾನೂ ನಕ್ಕುಬಿಟ್ಟ. ನಾನು ಅದೇ ಬಿಸಿಯಲ್ಲಿ ಹಂಡೆ ಒಲೆಯ ಕಥೆಯನ್ನೂ ಹೇಳಿದೆ. ನಮ್ಮತ್ತೆಯ ಬಾಯಿಗೆ ಸಿಕ್ಕಿದ್ದರೆ ಬಿಸಿಯನ್ನು ಗಾಳಿಗೆ ಬಿಡುವ ಕಾರ್ಖಾನೆಯವರಿಗೆ ಏನಾಗುತ್ತಿತ್ತು ಅನ್ನುವುದನ್ನೂ ಹೇಳಿದೆ. ಏಲಕ್ಕಿ ಮೇಜಿನ ಮೇಲಿಟ್ಟೆ. ಮೇಡಂ ಒಂದನ್ನು ಬಿಡಿಸಿ ಮೂಸಿ ನೋಡಿದರು.

ಆಗ ಕಂಪನಿಯ ಒಬ್ಬ ಹಿರಿಯ ಎಂಜಿನಿಯರ್ ಎದ್ದು ಒಂದು ಮಾತು ಹೇಳಿದ. ನನಗೆ ಅವನ ಮೇಲೆ ಗೌರವ ಬಂತು. "ಒಳ್ಳೆ ದರ ಸಿಕ್ಕ ಮೇಲೆ ಮಾಲೀಕರು ಆವಿಯನ್ನೆಲ್ಲ ಚಕ್ರಕ್ಕೇ ಹಿಂಡಬಹುದು ಮೇಡಂ. ಕರೆಂಟು ಇನ್ನೂ ಜಾಸ್ತಿ ಬರುತ್ತೆ. ಶೆಡ್ಡಿಗೆ ಉಗುರು ಬೆಚ್ಚಗಿನ ನೀರು ಉಳಿಯುತ್ತೆ ಅಷ್ಟೆ."

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸಾವ್ಕಾರ್ರನ್ನು ನೋಡಿದೆ. ಅವರು ಮತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಇವರ ತಲೆಗೆ ಹೊಳೆದಿದೆ ಅಂತ ಆಗ ಗೊತ್ತಾಯಿತು.

"ನಿಮಗೆ ಮಾಲೀಕರ ಮೇಲೆ ನಂಬಿಕೆ ಇಲ್ವಾ ಅಮ್ಮ?" ಅಂತ ಮೇಡಂ ಕೇಳಿದರು.

"ನಮ್ ಸಾವ್ಕಾರ್ರು ಒಳ್ಳೇರು ಮೇಡಂ. ಬರವಣಿಗೇಲಿ ಇದ್ರೆ ಇನ್ನೂ ಒಳ್ಳೇರಾಗಿರ್ತಾರೆ."

ರೈಟರ್ ಕೆಮ್ಮಿದ. ಸಾವ್ಕಾರ್ರು ಕೆಂಪಗಾದರು, ನನ್ನ ಲಂಗಕ್ಕಿಂತ ಒಂದು ಬಣ್ಣ ಕಡಿಮೆ. ಆಮೇಲೆ ಎದ್ದು ನಿಂತು, "ಬರೆದು ಕೊಡ್ತೀನಿ," ಅಂದರು. ಅದಕ್ಕಾಗಿ ನಾನು ಅವರನ್ನು ಇವತ್ತಿಗೂ ಬೈಯುವುದಿಲ್ಲ. ಬೇರೆ ವಿಷಯಕ್ಕೆ ಬೈಯುತ್ತೇನೆ.

ತೀರ್ಮಾನ ಆ ದಿನ ಹೇಳಲಿಲ್ಲ. ಅಂಚೆಯಲ್ಲಿ ಬರುತ್ತದೆ ಅಂದರು. ಬರುವ ತನಕ ಬಾಯ್ಲರಿಗೆ ಬೆಂಕಿ ಹಾಕುವುದಿಲ್ಲ ಅಂದರು ಸಾವ್ಕಾರ್ರು. ಇಡೀ ಆಷಾಢ ಶೆಡ್ಡು ತಣ್ಣಗೆ ಮಲಗಿತ್ತು. ಹಾರಂಗಿ ತುಂಬಿ ಗೇಟು ತೆಗೆದರು. ಊರಿನ ಲಂಗಗಳೆಲ್ಲ ಮೊದಲಿನ ಹಾಗೆ ನಾರತೊಡಗಿದವು. ಮಡಿಕೇರಿಗೆ ಬಾರದಿದ್ದವರು, "ತಕರಾರು ಹಾಕ್ಸಿ ಇದ್ದುದ್ದನ್ನೂ ಕಳ್ದಳು ಅಜ್ಜಿ," ಅನ್ನುವುದು ನನ್ನ ಕಿವಿಗೂ ಬಿತ್ತು. ಎದುರಿಗೆ ಅಂದಿದ್ದರೆ ಉತ್ತರ ಕೊಡುತ್ತಿದ್ದೆ. ಹಿಂದೆ ಅಂದದ್ದಕ್ಕೆ ಉತ್ತರ ಇಲ್ಲ. ಗಾಳಿಬೀಡಿನವರು ಏಲಕ್ಕಿ ಕೊಯ್ಲು ಶುರುವಾಯಿತು, ಏನು ಮಾಡೋಣ ಅಂತ ಫೋನ್ ಮಾಡಿದರು. ನಾಲ್ಕು ದಿನ ತಡೆಯಿರಿ ಅಂದೆ. ಏನು ಧೈರ್ಯದ ಮೇಲೆ ಅಂದೆನೋ ತಿಳಿಯದು.

ಮೂರನೆಯ ದಿನ ಮಧ್ಯಾಹ್ನ ರೈಟರ್ ಸೈಕಲ್ಲಿನಲ್ಲಿ ಬಂದ. ಛತ್ರಿ ಹಿಡಿಯುವುದನ್ನೂ ಮರೆತಿದ್ದ. ಪ್ಲಾಸ್ಟಿಕ್ ಕವರಿನೊಳಗೆ ಒಂದು ದಪ್ಪ ಕಾಗದದ ಕಟ್ಟು.

"ಅಜ್ಜಿ, ಆರ್ಡರ್!"

"ಏನಂತೆ?"

"ಕೂತ್ಕಳಿ ಮೊದ್ಲು."

"ಕೂತ್ಕಳಕ್ಕೆ ನನಗೇನು ಹೆರಿಗೆ ನೋವಾ? ಓದು!"

ಅವನು ನಿಂತೇ ಓದಿದ. ಸಾವ್ಕಾರ್ರಿಗೆ ಒಳ್ಳೆಯ ದರ ಕೊಟ್ಟಿದ್ದಾರೆ. ಆದರೆ ಒಂದು ಷರತ್ತಿನ ಮೇಲೆ. ಮಳೆಗಾಲದ ತಿಂಗಳುಗಳಲ್ಲಿ ಶೆಡ್ಡಿಗೆ ಹೋಗುವ ಪೈಪಿಗೂ ಒಂದು ಮೀಟರ್ ಕೂರಿಸಬೇಕು. ಬಿಸಿ ಕಡಿಮೆಯಾದರೆ ಕರೆಂಟಿನ ದರವೂ ಇಳಿಯುತ್ತದೆ. ಆ ಮೀಟರನ್ನು ಓದಿ ಬರೆದಿಡುವ ಹಕ್ಕು ಮಹಿಳಾ ಸಂಘಕ್ಕೆ.

ಆಮೇಲೆ ಅವನು ಹಾಳೆ ತಿರುವಿ ಗಂಟಲು ಸರಿ ಮಾಡಿಕೊಂಡ. "ಆಕ್ಷೇಪಣೆ ಒಂದರಿಂದ ನಲವತ್ತೊಂದು, ಅಂಗೀಕರಿಸಲಾಗಿದೆ." ಆಮೇಲೆ, "ಉಪಯುಕ್ತ ಉಷ್ಣ ಎಂದರೆ ಏಲಕ್ಕಿ, ಶುಂಠಿ, ಹಪ್ಪಳ ಹಾಗೂ, ಹಾಗೂ..."

"ಹಾಗೂ ಏನು?"

"ಹಾಗೂ ಮನೆಬಳಕೆಯ ವಸ್ತ್ರಗಳನ್ನು ಒಣಗಿಸುವ ಉಷ್ಣ."

ಹಲಸಿನ ಮರ ಇಲ್ಲದ ಇನ್ನೊಂದು ಬದಿಯ ಬೇಲಿಯಾಚೆಯಿಂದ ಒಂದು ಕಿರುಚು ಕೇಳಿಸಿತು. ಪಕ್ಕದ ಮನೆಯವಳು ಪಾತ್ರೆ ತೊಳೆಯುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಮಸಿ ಕೈಯಲ್ಲೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು, ಆಮೇಲೆ ರೈಟರನ್ನೂ ತಬ್ಬಿಕೊಳ್ಳಲು ಹೋದಳು. ಅವನು ಆರ್ಡರನ್ನು ಎತ್ತಿ ಹಿಡಿದು ಸೈಕಲ್ಲಿನ ಹಿಂದೆ ಅವಿತ. ಮಳೆಯಲ್ಲೇ ನಾವಿಬ್ಬರೂ ಮನೆಮನೆಗೆ ಹೋದೆವು. ಮುದುಕಿ ಓಡಿದರೆ ಚೆನ್ನಾಗಿರುವುದಿಲ್ಲ ಅಂತ ಗೊತ್ತು. ಓಡಿದೆ. ಹಿಂದೆ ಆಡಿಕೊಂಡವರ ಮನೆಗೆ ಮೊದಲು ಹೋದೆ.

ಬೆಂಕಿ ಹಾಕಿದ ದಿನ ಶೆಡ್ಡಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಗಾಳಿಬೀಡಿನ ಏಲಕ್ಕಿ ಮುಂದೆ, ಊರಿನ ಬಟ್ಟೆ ಹಿಂದೆ. ಪೈಪು ಬಿಸಿಯಾಗಿ ಟಿಕ್ ಟಿಕ್ ಅಂದಾಗ ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಹೊಸ ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ನೋಟ್‌ಬುಕ್ ಹಿಡಿದು ಕೂತಿದ್ದೆ. ಮುಳ್ಳು ಮೇಲೇರುವುದನ್ನು ನೋಡುತ್ತ ನನಗೇ ನಗು ಬರುತ್ತಿತ್ತು. ಮೂರನೇ ಕ್ಲಾಸಿನವಳು ಸಾವ್ಕಾರ್ರ ಬಾಯ್ಲರಿಗೆ ಹಾಜರಿ ಹಾಕುತ್ತಿದ್ದೇನೆ. "ಈಗ ನೀವೂ ರೈಟರ್," ಅಂದ ರೈಟರ್.

ಸಂಜೆಗೆ ಮುಂಚೆ ಸಾವ್ಕಾರ್ರ ಜೀಪು ಬಂತು. ಇಳಿದವರು ಹಿಂದಿನಿಂದ ದೊಡ್ಡದೊಂದು ಗಂಟು ಎಳೆದರು. ಬಂಗಲೆಯ ಬಟ್ಟೆ. ಬೆಡ್‌ಶೀಟು, ಟವೆಲು, ಅಮ್ಮಾವ್ರ ಸೀರೆ. ವಾರದಿಂದ ಒಣಗಿಲ್ಲವಂತೆ.

"ಒಂದ್ ಮನೆಗೆ ಒಂದೇ ಗಳು ಸಾವ್ಕಾರ್ರೆ," ಅಂದೆ. "ಇವತ್ತು ಎಲ್ಲಾ ಗಳೂ ತುಂಬೋಗಿದೆ. ನಾಳೆ ಬನ್ನಿ. ಹಿಂಡ್ಕೊಂಡು ಬನ್ನಿ, ನೀರು ಸೋರ್ತಿದೆ."

"ಅಲ್ಲ ಅಜ್ಜಿ, ಶೆಡ್ಡು ನಂದು! ಬಿಸಿ ನಂದು!"

ನಾನು ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ಅವರ ಕೈಗೆ ಕೊಟ್ಟೆ.

"ತಕರಾರಿದ್ರೆ ಬರ್ದು ಕೊಡಿ."